ಕರೆಂಟ್ ಹೋದರೂ ಮರೆಯದ ಚಿಪ್: ಎಸ್‌ಎಸ್‌ಡಿ ನಡೆದು ಬಂದ ದಾರಿ

ತುಮಕೂರಿನ ಬಿ.ಎಚ್. ರಸ್ತೆಯ ಕಂಪ್ಯೂಟರ್ ಅಂಗಡಿಗೆ ಹಳೇ ಲ್ಯಾಪ್‌ಟಾಪ್ ಹಿಡ್ಕೊಂಡು ಹೋದರೆ ಈಗ ಸಿಗುವ ಸಲಹೆ ಹೆಚ್ಚಾಗಿ ಒಂದೇ: "ಎಸ್‌ಎಸ್‌ಡಿ ಹಾಕ್ಸಿಬಿಡಿ ಸಾರ್, ಹೊಸದರ ಥರ ಓಡುತ್ತೆ." ಮಾತು ಸುಳ್ಳಲ್ಲ. ಆನ್ ಆಗಲು ಎರಡು ಮೂರು ನಿಮಿಷ ತಗೊಳ್ಳುತ್ತಿದ್ದ ಯಂತ್ರ ಅರ್ಧ ನಿಮಿಷದೊಳಗೆ ಎದ್ದು ಕೂರುತ್ತದೆ. ಪ್ರೊಸೆಸರ್ ಅದೇ, ಕೆಲಸ ನಡೆಯುವಾಗ ಬಳಕೆಯಾಗುವ ವೇಗದ ಮೆಮೊರಿಯಾದ ರ‍್ಯಾಮ್ ಅದೇ. ಬದಲಾದದ್ದು ಫೈಲ್ ಇಡುವ ಜಾಗ ಮಾತ್ರ: ತಿರುಗುವ ಹಾರ್ಡ್ ಡಿಸ್ಕ್ ಬದಲು, ಚಿಪ್‌ಗಳಲ್ಲೇ ಫೈಲ್ ಇಡುವ ಎಸ್‌ಎಸ್‌ಡಿ.

ಹಾಗಿದ್ದರೆ ಇದು ನಮ್ಮ ಕೈಗೆ ಬರಲು ಇಷ್ಟು ತಡ ಯಾಕಾಯಿತು? ವೇಗದ ಮೆಮೊರಿ ಇರಲಿಲ್ಲ ಅಂತಲ್ಲ. ಅದು 1970ರ ದಶಕದಲ್ಲೇ ಇತ್ತು. ಕಷ್ಟವಿದ್ದದ್ದು ಕರೆಂಟ್ ಹೋದ ಮೇಲೂ ನೆನಪಿಟ್ಟುಕೊಳ್ಳುವುದರಲ್ಲಿ. ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಪಾರ್ಕ್ ಇದ್ದರೂ ಯುಪಿಎಸ್ ಇಲ್ಲದೆ ಕಂಪ್ಯೂಟರ್ ಇಡಲು ಹೆದರುವ ಜಿಲ್ಲೆಯವರಿಗೆ ಈ ಕಷ್ಟವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಮೊದಲ ಹಾರ್ಡ್ ಡಿಸ್ಕ್ ಬಂದದ್ದು 1956ರಲ್ಲಿ, ಐಬಿಎಂನ ರಾಮ್ಯಾಕ್ ಯಂತ್ರದ ಜೊತೆ. 24 ಇಂಚು ಅಗಲದ 50 ತಟ್ಟೆಗಳು. ಹಿಡಿಸುತ್ತಿದ್ದದ್ದು 50 ಲಕ್ಷ ಅಕ್ಷರ, ಅಂದರೆ ಇವತ್ತಿನ ಮೊಬೈಲ್ ಫೋಟೊ ಒಂದಕ್ಕೆ ಸಾಕಾದರೆ ಹೆಚ್ಚು. ಆಮೇಲೆ ಗಾತ್ರ ಕುಗ್ಗಿತು, ಸಾಮರ್ಥ್ಯ ಬೆಳೆಯಿತು. ಆದರೆ ಕೆಲಸ ಮಾಡುವ ರೀತಿ ಬದಲಾಗಲಿಲ್ಲ: ತಿರುಗುವ ತಟ್ಟೆ, ಅದರ ಮೇಲೆ ಆಚೀಚೆ ಸರಿಯುವ ತೋಳು. ನಿಮಿಷಕ್ಕೆ 7,200 ಸುತ್ತು ತಿರುಗುವ ಡಿಸ್ಕ್‌ನಲ್ಲೂ ಬೇಕಾದ ಜಾಗ ತೋಳಿನ ತುದಿಯ ಕೆಳಗೆ ಬರಲು ಸರಾಸರಿ 4 ಮಿಲಿಸೆಕೆಂಡ್ ಕಾಯಬೇಕು. ತೋಳು ಸರಿಯಲು ಇನ್ನೊಂದು 8 ಮಿಲಿಸೆಕೆಂಡ್ ಇಟ್ಟುಕೊಳ್ಳಿ. ರ‍್ಯಾಮ್‌ಗೆ ಸಾಕಾಗುವುದು ಸುಮಾರು 100 ನ್ಯಾನೊಸೆಕೆಂಡ್. ಲಕ್ಷ ಪಟ್ಟು ಬೇಗ. ಕಂಪ್ಯೂಟರ್ ಶುರುವಾಗುವಾಗ ಸಾವಿರಾರು ಚಿಕ್ಕ ಫೈಲುಗಳನ್ನು ಬೇರೆ ಬೇರೆ ಮೂಲೆಗಳಿಂದ ತರಬೇಕು. ಅಷ್ಟೂ ಕಾಯುವಿಕೆ ಸೇರಿಯೇ ಆ ಎರಡು ಮೂರು ನಿಮಿಷ.

ರ‍್ಯಾಮ್ ಅಷ್ಟು ಬೇಗ ಇದ್ದರೆ ಅದನ್ನೇ ಡಿಸ್ಕ್ ಮಾಡಿದರಾಯ್ತಲ್ಲ, ಅಲ್ವಾ? ಎಂಜಿನಿಯರುಗಳಿಗೂ ಇದೇ ಹೊಳೆಯಿತು. 1976ರಲ್ಲಿ ಡೇಟಾರ‍್ಯಾಮ್ ಎಂಬ ಕಂಪನಿ 2 ಎಂಬಿಯ ಬಲ್ಕ್ ಕೋರ್ ಪೆಟ್ಟಿಗೆ ಮಾರಿತು. ಕಂಪ್ಯೂಟರ್‌ಗೆ ಅದು ಡಿಸ್ಕ್ ಥರವೇ ಕಾಣುತ್ತಿತ್ತು, ಒಳಗೆ ತಿರುಗುವುದು ಏನೂ ಇರಲಿಲ್ಲ. 1978ರಲ್ಲಿ ಸ್ಟೋರೇಜ್‌ಟೆಕ್ ಕಂಪನಿ ಸೆಮಿಕಂಡಕ್ಟರ್ ಚಿಪ್‌ಗಳಿಂದ 45 ಎಂಬಿಯದನ್ನು ಮಾಡಿತು. ಬೆಲೆ ಸುಮಾರು 4 ಲಕ್ಷ ಡಾಲರ್. ಬ್ಯಾಂಕು, ತೈಲ ಕಂಪನಿಗಳಂಥವರ ದೊಡ್ಡ ಯಂತ್ರಗಳಿಗೆ ಸರಿ. ಉಳಿದವರು ಸುಮ್ನೆ ನೋಡಬೇಕಷ್ಟೆ.

ಬೆಲೆ ಬಿಡಿ, ಅದು ವರ್ಷ ಕಳೆದ ಹಾಗೆ ಇಳಿಯುತ್ತದೆ. ಇಳಿಯದ ತೊಂದರೆ ಕಂಪ್ಯೂಟರುಗಳಲ್ಲಿ ಸಾಮಾನ್ಯವಾಗಿ ಬಳಸುವ ರ‍್ಯಾಮ್ ಆದ ಡಿರ‍್ಯಾಮ್‌ನ ರಚನೆಯಲ್ಲೇ ಇತ್ತು. ಐಬಿಎಂನ ರಾಬರ್ಟ್ ಡೆನ್ನಾರ್ಡ್‌ಗೆ 1968ರಲ್ಲಿ ಪೇಟೆಂಟ್ ಸಿಕ್ಕ ಈ ಮೆಮೊರಿಯಲ್ಲಿ ಒಂದು ಬಿಟ್ ಅಂದರೆ ಒಂದು ಟ್ರಾನ್ಸಿಸ್ಟರ್, ಒಂದು ಪುಟಾಣಿ ಕೆಪಾಸಿಟರ್. ಚಾರ್ಜ್ ಇದ್ದರೆ 1, ಇಲ್ಲದಿದ್ದರೆ 0. ಆ ಚಾರ್ಜ್ ನಿಲ್ಲುವುದಿಲ್ಲ, ಸೋರುತ್ತಲೇ ಇರುತ್ತದೆ. ಅದಕ್ಕೇ ಸಾಮಾನ್ಯವಾಗಿ 64 ಮಿಲಿಸೆಕೆಂಡಿಗೊಮ್ಮೆ ಪ್ರತಿ ಬಿಟ್ಟನ್ನೂ ಓದಿ ಮತ್ತೆ ತುಂಬಬೇಕು. ಕರೆಂಟ್ ಹೋಯಿತೋ, ಬರೆದದ್ದೆಲ್ಲ ಹೋಯಿತು.

ಮನೆ ಬಳಕೆಯವರೂ ಈ ಆಸೆ ಬಿಡಲಿಲ್ಲ. ವಿಂಡೋಸ್‌ಗೂ ಮುಂಚಿನ ಡಾಸ್ ಕಾಲದಲ್ಲಿ ರ‍್ಯಾಮ್‌ಡ್ರೈವ್ ಎಂಬ ಪುಟ್ಟ ಪ್ರೋಗ್ರಾಂ ಮೆಮೊರಿಯ ಒಂದು ಭಾಗವನ್ನು ಡ್ರೈವ್ ಮಾಡಿ ತೋರಿಸುತ್ತಿತ್ತು. 2005ರಲ್ಲಿ ಗಿಗಾಬೈಟ್ ಕಂಪನಿ ಐ-ರ‍್ಯಾಮ್ ಎಂಬ ಕಾರ್ಡ್ ತಂದಿತು. ನಾಲ್ಕು ರ‍್ಯಾಮ್ ಪಟ್ಟಿ ಸಿಕ್ಕಿಸಿದರೆ 4 ಜಿಬಿಯ ಡಿಸ್ಕ್. ಕಂಪ್ಯೂಟರ್ ಆಫ್ ಮಾಡಿದರೂ ಗೋಡೆಯ ಕರೆಂಟಿನಿಂದ ಜೀವ ಹಿಡಿದಿರುತ್ತಿತ್ತು. ಅದೂ ಹೋದರೆ ಕಾರ್ಡಿನ ಬ್ಯಾಟರಿ ಹೆಚ್ಚೆಂದರೆ 16 ಗಂಟೆ. ಶನಿವಾರ ಸಂಜೆ ಪ್ಲಗ್ ಕಿತ್ತು ಊರಿಗೆ ಹೋಗಿ ಸೋಮವಾರ ಬಂದರೆ ಡಿಸ್ಕ್ ಖಾಲಿ. ಬ್ಯಾಟರಿ ನಂಬಿ ಲೆಕ್ಕಪತ್ರ ಇಡಲು ಯಾರಿಗೆ ಧೈರ್ಯ ಬರುತ್ತೆ? ಆದರೂ ಆ ಯೋಚನೆ ತಪ್ಪಾಗಿತ್ತು ಅನ್ನಲು ನನಗೆ ಮನಸ್ಸಿಲ್ಲ. ಕಳೆದುಹೋದರೂ ಪರವಾಗಿಲ್ಲ ಅನ್ನುವ ತಾತ್ಕಾಲಿಕ ಫೈಲುಗಳಿಗೆ, ವಿಂಡೋಸ್ ಥರದ್ದೇ ಇನ್ನೊಂದು ವ್ಯವಸ್ಥೆಯಾದ ಲಿನಕ್ಸ್ ಇವತ್ತಿಗೂ ರ‍್ಯಾಮನ್ನೇ ಡಿಸ್ಕ್ ಥರ ಬಳಸುತ್ತದೆ.

ಪರಿಹಾರ ಬಂದದ್ದು ಇನ್ನೊಂದು ಕಡೆಯಿಂದ. 1967ರಲ್ಲಿ ಬೆಲ್ ಲ್ಯಾಬ್ಸ್‌ನ ಡಾವನ್ ಕಾಂಗ್ ಮತ್ತು ಸೈಮನ್ ಝೀ, ಸುತ್ತಲೂ ವಿದ್ಯುತ್ ಹರಿಯದ ಪದರ ಇರುವ ಒಂದು ಗೇಟನ್ನು ಟ್ರಾನ್ಸಿಸ್ಟರ್ ಒಳಗೆ ಇಡುವ ದಾರಿ ತೋರಿಸಿದರು. ಜಾಸ್ತಿ ವೋಲ್ಟೇಜ್ ಕೊಟ್ಟು ಎಲೆಕ್ಟ್ರಾನ್‌ಗಳನ್ನು ಅದರೊಳಗೆ ನುಗ್ಗಿಸಿದರೆ ಅವು ಅಲ್ಲೇ ಸಿಕ್ಕಿಬೀಳುತ್ತವೆ. ಕರೆಂಟ್ ಇರಲಿ ಬಿಡಲಿ, ವರ್ಷಗಟ್ಟಲೆ. ತೋಷಿಬಾದ ಫುಜಿಯೊ ಮಸುಒಕಾ ಇದನ್ನೇ ಮುಂದುವರಿಸಿ 1984ರಲ್ಲಿ ಫ್ಲಾಶ್ ಮೆಮೊರಿಯನ್ನೂ, 1987ರಲ್ಲಿ ಇನ್ನೂ ಅಗ್ಗವಾಗಿ ಒತ್ತೊತ್ತಾಗಿ ಜೋಡಿಸಬಹುದಾದ ನ್ಯಾಂಡ್ ಫ್ಲಾಶ್ ಅನ್ನೂ ಜಗತ್ತಿನ ಮುಂದಿಟ್ಟರು. ಅವರದೇ ಕಂಪನಿ ಇದಕ್ಕೆ ತಕ್ಕ ಬೆಲೆ ಕೊಡಲಿಲ್ಲ. ಅವರು ಕೆಲಸ ಬಿಟ್ಟರು, ಕೋರ್ಟಿಗೆ ಹೋದರು. 2006ರಲ್ಲಿ ರಾಜಿಯಾಗಿ ಸಿಕ್ಕದ್ದು 8 ಕೋಟಿ 70 ಲಕ್ಷ ಯೆನ್. ಇವತ್ತು ಪ್ರತಿ ಜೇಬಿನಲ್ಲೂ ಇರುವ ವಸ್ತುವಿಗೆ ಇದು ಚಿಲ್ಲರೆ ಕಾಸು.

1988ರಲ್ಲಿ ಅಮೆರಿಕದಲ್ಲಿ ಶುರುವಾದ ಸನ್‌ಡಿಸ್ಕ್, ಮುಂದೆ ಸ್ಯಾನ್‌ಡಿಸ್ಕ್ ಆದದ್ದು, 1991ರಲ್ಲಿ ಐಬಿಎಂಗೆ 20 ಎಂಬಿಯ ಫ್ಲಾಶ್ ಡ್ರೈವ್, ಅಂದರೆ ಫ್ಲಾಶ್ ಚಿಪ್‌ಗಳ ಎಸ್‌ಎಸ್‌ಡಿ, ಕೊಟ್ಟಿತು. ಸ್ಥಾಪಕರಲ್ಲಿ ಒಬ್ಬರು ಕಾನ್ಪುರದಲ್ಲಿ ಹುಟ್ಟಿದ ಸಂಜಯ್ ಮೆಹ್ರೋತ್ರಾ. ಆ 20 ಎಂಬಿಗೆ ಸುಮಾರು 1,000 ಡಾಲರ್. ಅಲ್ಲಿಂದ 2008ರಲ್ಲಿ ಇಂಟೆಲ್‌ನ 80 ಜಿಬಿ ಡ್ರೈವ್ ಬರುವ ತನಕದ ಕಥೆ ಬರೀ ಬೆಲೆ ಇಳಿದ ಕಥೆ.

ಫ್ಲಾಶ್‌ಗೆ ಒಂದು ವಿಚಿತ್ರ ಗುಣ ಇದೆ. ಬರೆದದ್ದರ ಮೇಲೆಯೇ ಮತ್ತೆ ಬರೆಯಲು ಆಗುವುದಿಲ್ಲ. ಬರೆಯುವುದು ಪುಟ ಪುಟವಾಗಿ, ಅಳಿಸುವುದು ನೂರಾರು ಪುಟಗಳ ಬ್ಲಾಕ್ ಪೂರ್ತಿಯಾಗಿ. ಮದುವೆ ಛತ್ರದ ಪಂಕ್ತಿ ಊಟ ನೆನೆಸಿಕೊಳ್ಳಿ. ಎಲೆ ಒಂದೊಂದಾಗಿ ತುಂಬುತ್ತದೆ, ಎತ್ತುವುದು ಮಾತ್ರ ಪಂಕ್ತಿ ಪೂರ್ತಿ ಎದ್ದ ಮೇಲೆ. ನಾಲ್ಕು ಜನ ಇನ್ನೂ ಉಣ್ಣುತ್ತಿದ್ದರೆ ಅವರನ್ನು ಮುಂದಿನ ಪಂಕ್ತಿಗೆ ಕೂರಿಸಿ ಈ ಸಾಲು ಖಾಲಿ ಮಾಡಬೇಕು. ಎಸ್‌ಎಸ್‌ಡಿಯ ಕಂಟ್ರೋಲರ್ ಚಿಪ್ ಹಗಲೂ ರಾತ್ರಿ ಮಾಡುವುದು ಇದನ್ನೇ. ಮೊದಮೊದಲು ಅದಕ್ಕೆ ಯಾರು ಎದ್ದು ಹೋದರು ಅನ್ನುವುದೇ ಗೊತ್ತಾಗುತ್ತಿರಲಿಲ್ಲ. ಫೈಲ್ ಅಳಿಸಿದ ಸುದ್ದಿ ವಿಂಡೋಸ್ ಒಳಗೇ ಉಳಿಯುತ್ತಿತ್ತು. 2009ರ ವಿಂಡೋಸ್ 7 ಟ್ರಿಮ್ ಎಂಬ ಆದೇಶದ ಮೂಲಕ ಡ್ರೈವ್‌ಗೂ ಅದನ್ನು ಹೇಳತೊಡಗಿತು. ದಿನ ಕಳೆದಂತೆ ನಿಧಾನವಾಗುವ ಕಾಯಿಲೆ ಬಹಳ ಮಟ್ಟಿಗೆ ವಾಸಿಯಾಯಿತು. ಇದಕ್ಕೂ ಒಂದು ಬೆಲೆ ಇದೆ: ಎಸ್‌ಎಸ್‌ಡಿಯಲ್ಲಿ ತಪ್ಪಿ ಅಳಿಸಿದ ಫೈಲ್ ವಾಪಸ್ ಸಿಗುವ ಆಸೆ ಇಟ್ಟುಕೊಳ್ಳಬೇಡಿ.

ಅಳಿಸಿದಷ್ಟೂ ಗೇಟಿನ ಸುತ್ತಲಿನ ಆ ಪದರ ಸವೆಯುತ್ತದೆ. ಅದಕ್ಕೇ ಕಂಟ್ರೋಲರ್ ಎಲ್ಲ ಬ್ಲಾಕ್‌ಗಳಿಗೂ ಸಮನಾಗಿ ಕೆಲಸ ಹಂಚುತ್ತದೆ. ಈ ನಡುವೆ ಅಗ್ಗ ಮಾಡುವ ಭರದಲ್ಲಿ ಒಂದು ಸೆಲ್‌ನಲ್ಲಿ (ಅಂಥ ಗೇಟ್ ಇರುವ ಒಂದು ಟ್ರಾನ್ಸಿಸ್ಟರ್‌ನಲ್ಲಿ) ಒಂದೇ ಬಿಟ್ ಇಡುತ್ತಿದ್ದವರು ಎರಡು, ಮೂರು, ನಾಲ್ಕು ಬಿಟ್ ಇಡತೊಡಗಿದರು. ನಾಲ್ಕಕ್ಕೆ 16 ವೋಲ್ಟೇಜ್ ಮಟ್ಟ ಬಿಡಿಸಿ ಓದಬೇಕು. ನಿಧಾನವೂ ಹೌದು, ಬಾಳಿಕೆಯೂ ಕಮ್ಮಿ. ಆ ನಿಧಾನವನ್ನು ಮುಚ್ಚಿಡಲು ಡ್ರೈವ್ ಮೊದಲಿಗೆ ಒಂದಿಷ್ಟು ಜಾಗದಲ್ಲಿ ಒಂದೊಂದೇ ಬಿಟ್ ಬರೆಯುತ್ತದೆ. ಫೋಟೊ ಸ್ಟುಡಿಯೊದವರು ಮದುವೆ ವಿಡಿಯೊ ಕಾಪಿ ಮಾಡುವಾಗ ಮೊದಲು ಜೋರಾಗಿ ಓಡಿ ಆಮೇಲೆ ತೆವಳುವುದು ಆ ಜಾಗ ತುಂಬಿದ್ದರಿಂದ. ಪೆಟ್ಟಿಗೆ ಮೇಲೆ ದೊಡ್ಡದಾಗಿ ಅಚ್ಚು ಹಾಕುವುದು ಆ ಮೊದಲ ಓಟದ ವೇಗವನ್ನು.

ಒಳ್ಳೇ ಎಸ್‌ಎಸ್‌ಡಿಗಳಲ್ಲಿ ಒಂದು ಡಿರ‍್ಯಾಮ್ ಚಿಪ್ ಕೂಡ ಇರುತ್ತದೆ, ಯಾವ ಫೈಲ್ ಯಾವ ಬ್ಲಾಕ್‌ನಲ್ಲಿದೆ ಅನ್ನುವ ನಕ್ಷೆ ಇಟ್ಟುಕೊಳ್ಳಲು. ಹೀಗೆ ರ‍್ಯಾಮ್ ಡಿಸ್ಕಿನ ಆಸೆ ಹಿಂಬಾಗಿಲಿನಿಂದ ಒಳಗೆ ಬಂದಿದೆ, ಅದರ ಹಳೇ ಭಯದ ಜೊತೆಗೇ. ಸರ್ವರ್‌ಗಳಿಗೆ ಮಾಡಿದ ಡ್ರೈವ್‌ಗಳಲ್ಲಿ ಕರೆಂಟ್ ಹೋದ ಕ್ಷಣ ಕೈಯಲ್ಲಿದ್ದದ್ದನ್ನು ಬರೆದು ಮುಗಿಸುವಷ್ಟು ಶಕ್ತಿ ಹಿಡಿದಿಡುವ ಕೆಪಾಸಿಟರ್‌ಗಳು ಇರುತ್ತವೆ. ಅಂಗಡಿಯಲ್ಲಿ ಸಿಗುವ ಅಗ್ಗದವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಡೆಸ್ಕ್‌ಟಾಪ್‌ಗೆ ಎಸ್‌ಎಸ್‌ಡಿ ಹಾಕಿಸಿ ಯುಪಿಎಸ್ ತೆಗೆದುಬಿಡುವವರು ಇದನ್ನು ಗಮನಿಸಬೇಕು.

ಇನ್ನು ಬೀರುವಿನಲ್ಲಿಟ್ಟು ಮರೆಯುವ ವಿಷಯ. ಸಿಕ್ಕಿಬಿದ್ದ ಎಲೆಕ್ಟ್ರಾನ್‌ಗಳೂ ಮೆಲ್ಲಗೆ ಸೋರುತ್ತವೆ, ಸೆಕೆ ಜಾಸ್ತಿಯಾದರೆ ಬೇಗ. ಹೊಸ ಡ್ರೈವ್ ಹಲವು ವರ್ಷ ತಡೆಯುತ್ತದೆ. ಆಯಸ್ಸು ಮುಗಿಯುವಷ್ಟು ಬಳಸಿದ ಮನೆ ಬಳಕೆಯ ಡ್ರೈವ್‌ಗೆ ಉದ್ಯಮದ ಮಾನದಂಡ ಕೇಳುವುದು 30 ಡಿಗ್ರಿಯಲ್ಲಿ, ಕರೆಂಟ್ ಇಲ್ಲದೆ, ಬರೀ ಒಂದು ವರ್ಷ. ಅದಕ್ಕೇ ಮಕ್ಕಳ ಫೋಟೊ, ಜಮೀನಿನ ಪತ್ರದ ಸ್ಕ್ಯಾನ್ ಇವನ್ನೆಲ್ಲ ಹಾರ್ಡ್ ಡಿಸ್ಕಿನಲ್ಲೂ ಒಂದು ಪ್ರತಿ ಇಡುವುದು ವಾಸಿ. ತಿರುಗುವ ಡಿಸ್ಕಿಗೆ ಕೆಲಸ ಮುಗಿದಿಲ್ಲ. ತಿಪಟೂರಿನಲ್ಲಿ ಕೊಬ್ಬರಿ ದಾಸ್ತಾನಿಗೆ ಸಿಸಿಟಿವಿ ಹಾಕಿಸಿದರೂ ರೆಕಾರ್ಡರ್ ಒಳಗೆ ಕೂರುವುದು ಹೆಚ್ಚಾಗಿ ಹಾರ್ಡ್ ಡಿಸ್ಕೇ. ದಿನದ 24 ಗಂಟೆ ಬರೆಯುತ್ತಾ ಹಳೆಯದನ್ನು ಅಳಿಸುತ್ತಾ ಇರುವ ಆ ಕೆಲಸಕ್ಕೆ ಎಸ್‌ಎಸ್‌ಡಿಯ ವೇಗ ಬೇಕಿಲ್ಲ, ಕಡಿಮೆ ದುಡ್ಡಿಗೆ ಜಾಸ್ತಿ ಜಾಗ ಬೇಕು.