ನೆರೆಮನೆಯ ಬಿಎಂಡಬ್ಲ್ಯೂ ಮತ್ತು ನಮ್ಮ ಸಂತೋಷ

ನೆದರ್ಲೆಂಡ್ಸ್‌ನಲ್ಲಿ 1989ರಿಂದ ನಡೆಯುತ್ತಿರುವ ಪೋಸ್ಟ್‌ಕೋಡ್ ಲಾಟರಿಯ ನಿಯಮ ಸ್ವಲ್ಪ ವಿಚಿತ್ರವಾದುದು. ನಮ್ಮ ಪಿನ್‌ಕೋಡ್ ಒಂದು ಇಡೀ ಬಡಾವಣೆಗೋ ಹತ್ತಾರು ಹಳ್ಳಿಗಳಿಗೋ ಒಂದೇ ಆಗಿದ್ದರೆ, ನಾಲ್ಕು ಅಂಕಿ ಮತ್ತು ಎರಡು ಅಕ್ಷರಗಳ ಅವರ ಅಂಚೆ ಸಂಕೇತ ಒಂದು ಬೀದಿಯ ಇಪ್ಪತ್ತರ ಆಸುಪಾಸಿನ ಮನೆಗಳಿಗಷ್ಟೇ ಸೀಮಿತ. ಟಿಕೆಟಿನ ಸಂಖ್ಯೆ ಎಂದರೆ ಮನೆಯ ಅಂಚೆ ಸಂಕೇತವೇ. ಹೀಗಾಗಿ ಬಹುಮಾನ ಒಬ್ಬ ವ್ಯಕ್ತಿಗಲ್ಲ, ಬೀದಿಗೆ ಬರುತ್ತದೆ. ಅರ್ಥಶಾಸ್ತ್ರಜ್ಞರು ಈ ಲಾಟರಿಯನ್ನು ಅಧ್ಯಯನ ಮಾಡಿದ ಕಾಲದಲ್ಲಿ, ಗೆದ್ದ ಬೀದಿಯಲ್ಲಿ ಟಿಕೆಟ್ ಕೊಂಡಿದ್ದ ಪ್ರತಿ ಮನೆಗೂ ಟಿಕೆಟ್ಟೊಂದಕ್ಕೆ 12,500 ಯೂರೊ ಸಿಗುತ್ತಿತ್ತು, ಅವರಲ್ಲೊಬ್ಬರಿಗೆ ಇದರ ಮೇಲೆ ಹೊಚ್ಚ ಹೊಸ ಬಿಎಂಡಬ್ಲ್ಯೂ ಕಾರು. ಟಿಕೆಟ್ ಕೊಳ್ಳದೆ ಉಳಿದ ಮನೆಯವರಿಗೆ ನೆರೆಯವರ ಸಂಭ್ರಮವನ್ನು ನೋಡುವ ಭಾಗ್ಯವಷ್ಟೇ.

ಕಾರು ಇರುವವರು ಇಲ್ಲದವರಿಗಿಂತ ಹೆಚ್ಚು ಸಂತೋಷವಾಗಿದ್ದಾರೆಯೇ ಎಂದು ನೇರವಾಗಿ ಹೋಲಿಸಿ ನೋಡಿದರೆ ನಂಬುವಂಥ ಉತ್ತರ ಸಿಗುವುದಿಲ್ಲ. ಕಾರು ಕೊಂಡವರ ಸಂಬಳ ಹೆಚ್ಚಿರಬಹುದು, ಆರೋಗ್ಯ ಚೆನ್ನಾಗಿರಬಹುದು, ಅಥವಾ ಮೊದಲಿನಿಂದಲೂ ಉಲ್ಲಾಸದ ಸ್ವಭಾವದವರೇ ಸಾಲ ಮಾಡಿ ಕಾರು ಕೊಳ್ಳುವ ಧೈರ್ಯ ತೋರುತ್ತಿರಬಹುದು. ಇವುಗಳಲ್ಲಿ ಕಾರಿನ ಪಾಲು ಎಷ್ಟೆಂದು ಬಿಡಿಸಿ ಹೇಳುವುದು ಕಷ್ಟ. ಲಾಟರಿ ಈ ತೊಡಕನ್ನು ತಾನಾಗಿಯೇ ನಿವಾರಿಸುತ್ತದೆ. ಯಾವ ಬೀದಿ ಗೆಲ್ಲುತ್ತದೆ ಎಂಬುದು ಯಾರ ಸ್ವಭಾವವನ್ನೂ ಸಂಬಳವನ್ನೂ ಅವಲಂಬಿಸಿಲ್ಲವಾದ್ದರಿಂದ, ಗೆದ್ದ ಬೀದಿಯನ್ನು ಗೆಲ್ಲದ ಬೀದಿಯೊಡನೆ ಹೋಲಿಸಿದರೆ ಕಾಣುವ ವ್ಯತ್ಯಾಸಕ್ಕೆ ಬಹುಮಾನವೇ ಕಾರಣ ಎನ್ನಬಹುದು.

ಪೀಟರ್ ಕೂನ್ ಮತ್ತು ಅವರ ಮೂವರು ಸಹೋದ್ಯೋಗಿಗಳು 2011ರಲ್ಲಿ ಪ್ರಕಟಿಸಿದ ಈ ಹೋಲಿಕೆಯ ಫಲಿತಾಂಶದಲ್ಲಿ ಮೂರು ಅಂಶಗಳು ಗಮನಾರ್ಹ. ಗೆದ್ದು ಆರು ತಿಂಗಳಾಗುವ ಹೊತ್ತಿಗೆ ವಿಜೇತರು ಉಳಿದವರಿಗಿಂತ ಹೆಚ್ಚು ಸಂತೋಷವಾಗಿರಲಿಲ್ಲ. ಬಿಎಂಡಬ್ಲ್ಯೂ ಗೆದ್ದವರಲ್ಲಿ ಹೆಚ್ಚಿನವರು ಅದನ್ನು ಇಟ್ಟುಕೊಳ್ಳದೆ ಹಣವಾಗಿ ಪರಿವರ್ತಿಸಿಕೊಂಡಿದ್ದರು. ಮೂರನೆಯದು ನನ್ನ ಮಟ್ಟಿಗೆ ಎಲ್ಲಕ್ಕಿಂತ ಕುತೂಹಲಕರ: ಟಿಕೆಟ್ಟನ್ನೇ ಕೊಳ್ಳದ, ಒಂದು ಕಾಸನ್ನೂ ಗೆಲ್ಲದ ಪಕ್ಕದ ಮನೆಯವರು ಆ ಅವಧಿಯಲ್ಲಿ ತಮ್ಮ ಸ್ವಂತ ದುಡ್ಡಿನಲ್ಲಿ ಕಾರು ಕೊಳ್ಳುವ ಸಂಭವ ಹೆಚ್ಚಿತ್ತು. ಕಾರು ಕೈಗೆ ಬಂದವರು ಅದನ್ನು ಬಿಟ್ಟುಕೊಡುತ್ತಾರೆ, ಬಾರದವರು ಕೊಳ್ಳಲು ಹೊರಡುತ್ತಾರೆ ಎಂದರೆ, ಕಾರಿನ ಬಯಕೆಗೂ ಕಾರಿನ ಸುಖಕ್ಕೂ ನಾವು ಊಹಿಸಿಕೊಂಡಷ್ಟು ಹತ್ತಿರದ ನಂಟು ಇಲ್ಲವೆಂದಾಯಿತು.

ಈ ನಂಟು ಎಲ್ಲಿ ಸಡಿಲವಾಗುತ್ತದೆ ಎಂಬುದನ್ನು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ಮನೋವಿಜ್ಞಾನಿ ನೋರ್ಬರ್ಟ್ ಶ್ವಾರ್ಟ್ಸ್ ಮತ್ತು ಸಂಗಡಿಗರು ನಡೆಸಿದ ಸರಳವಾದೊಂದು ಅಧ್ಯಯನ ಬಹಳ ಚೆನ್ನಾಗಿ ತೋರಿಸುತ್ತದೆ. ದುಬಾರಿ ಕಾರನ್ನು ಓಡಿಸುವಾಗ ಹೇಗೆನಿಸಬಹುದು ಎಂದು ವಿದ್ಯಾರ್ಥಿಗಳನ್ನು ಕೇಳಿದಾಗ, ಅಗ್ಗದ ಕಾರಿಗಿಂತ ಬಹಳ ಹೆಚ್ಚಿನ ಖುಷಿ ಸಿಗುತ್ತದೆ ಎಂದೇ ಅವರು ಅಂದಾಜು ಮಾಡಿದರು. ವಿಶ್ವವಿದ್ಯಾಲಯದ ಕಾರು ಮಾಲೀಕರನ್ನು, ನಿಮ್ಮ ಕಾರು ಓಡಿಸುವಾಗ ಸಾಮಾನ್ಯವಾಗಿ ಹೇಗೆನಿಸುತ್ತದೆ ಎಂದು ಕೇಳಿದಾಗಲೂ ಕಾರಿನ ಬೆಲೆ ಏರಿದಂತೆ ಖುಷಿಯೂ ಏರಿತ್ತು. ಆದರೆ ಬೇರೆ ಗುಂಪಿನವರನ್ನು, ನೀವು ಕೊನೆಯ ಸಲ ಕೆಲಸಕ್ಕೆ ಕಾರಿನಲ್ಲಿ ಹೋದಿರಲ್ಲ, ಆಗ ಹೇಗೆನಿಸಿತು ಎಂದು ಕೇಳಿ, ಕಾರು ಯಾವುದೆಂಬುದನ್ನು ಆಮೇಲೆ ವಿಚಾರಿಸಿದಾಗ, ಬೆಲೆಗೂ ಖುಷಿಗೂ ಸಂಬಂಧವೇ ಕಾಣಲಿಲ್ಲ. ಪ್ರಶ್ನೆಯಲ್ಲಿ ಬದಲಾದದ್ದು ಇಷ್ಟೇ: ಒಂದು ಪ್ರಶ್ನೆ ಕಾರಿನ ಬಗ್ಗೆ ಯೋಚಿಸುವಂತೆ ಮಾಡುತ್ತದೆ, ಇನ್ನೊಂದು ಒಂದು ನಿರ್ದಿಷ್ಟ ಬೆಳಗನ್ನು ನೆನಪಿಸಿಕೊಳ್ಳುವಂತೆ ಮಾಡುತ್ತದೆ. ಆ ಬೆಳಗಿನಲ್ಲಿ ಮನಸ್ಸನ್ನು ತುಂಬಿದ್ದು ಸೀಟಿನ ಚರ್ಮವಲ್ಲ. ತಡವಾಗಿದ್ದ ಮೀಟಿಂಗು, ಮುಂದಿದ್ದ ಲಾರಿ, ಮನೆಯಲ್ಲಿ ಅರ್ಧಕ್ಕೆ ನಿಂತ ಮಾತು.

ಅರ್ಥಶಾಸ್ತ್ರದ ನೊಬೆಲ್ ಪಡೆದ ಮನೋವಿಜ್ಞಾನಿ ಡೇನಿಯಲ್ ಕಾನೆಮನ್ ಇದನ್ನು ಗಮನದ ಭ್ರಮೆ ಎಂದು ಗುರುತಿಸಿದ್ದರು. ಯಾವುದಾದರೂ ಒಂದು ವಸ್ತುವಿನ ಬಗ್ಗೆ ಯೋಚಿಸುತ್ತಿರುವಷ್ಟು ಹೊತ್ತು ಅದು ಬದುಕಿನಲ್ಲಿ ಬಹಳ ದೊಡ್ಡದಾಗಿ ಕಾಣುತ್ತದೆ, ಆದರೆ ದಿನದ ಬಹುಪಾಲು ಹೊತ್ತಿನಲ್ಲಿ ನಾವು ಅದರ ಬಗ್ಗೆ ಯೋಚಿಸುತ್ತಿರುವುದೇ ಇಲ್ಲ. ಅವರು ಡೇವಿಡ್ ಶ್ಕೇಡ್ ಜೊತೆಗೂಡಿ 1998ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಕ್ಯಾಲಿಫೋರ್ನಿಯಾದ ಹಿತವಾದ ಹವೆಯಲ್ಲಿರುವವರು ಹೆಚ್ಚು ತೃಪ್ತರಾಗಿರುತ್ತಾರೆಂದು ಅಲ್ಲಿನ ವಿದ್ಯಾರ್ಥಿಗಳೂ ಊಹಿಸಿದ್ದರು, ಚಳಿಯ ಮಧ್ಯಪಶ್ಚಿಮ ಪ್ರಾಂತ್ಯದ ವಿದ್ಯಾರ್ಥಿಗಳೂ ಊಹಿಸಿದ್ದರು. ತಮ್ಮ ತಮ್ಮ ಬದುಕಿಗೆ ಅವರೇ ಕೊಟ್ಟ ಅಂಕಗಳಲ್ಲಿ ಮಾತ್ರ ಅಂತಹ ವ್ಯತ್ಯಾಸವಿರಲಿಲ್ಲ. ಕ್ಯಾಲಿಫೋರ್ನಿಯಾದವರಿಗೂ ಪರೀಕ್ಷೆ, ಬಾಡಿಗೆ, ಪ್ರೇಮಭಂಗ ಇದ್ದೇ ಇರುತ್ತವೆ.

ಈ ಭ್ರಮೆ ಅನುಭವದಿಂದ ಏಕೆ ಕರಗುವುದಿಲ್ಲ ಎಂಬ ಪ್ರಶ್ನೆಗೂ ಮಿಷಿಗನ್ನಿನ ಅಧ್ಯಯನದಲ್ಲಿಯೇ ಉತ್ತರವಿದೆ. ಎರಡನೆಯ ಕಾರು ಕೊಳ್ಳುವ ಹೊತ್ತಿಗೆ, ಮೊದಲನೆಯದು ಎಷ್ಟು ಸುಖ ಕೊಟ್ಟಿತೆಂದು ನಮ್ಮನ್ನು ನಾವೇ ಕೇಳಿಕೊಂಡಾಗ, ಸಾವಿರಾರು ಸಾಮಾನ್ಯ ಪ್ರಯಾಣಗಳ ಲೆಕ್ಕ ತೆಗೆಯುವ ಗೋಜಿಗೆ ಮನಸ್ಸು ಹೋಗುವುದಿಲ್ಲ. ಒಳ್ಳೆಯ ಕಾರು ಸುಖ ಕೊಡುತ್ತದೆ ಎಂಬ ಮೊದಲಿನ ನಂಬಿಕೆಯನ್ನೇ ನೆನಪೆಂದು ಮುಂದಿಡುತ್ತದೆ. ಊಹೆ, ಆಯ್ಕೆ, ನೆನಪು ಮೂರೂ ಒಂದೇ ಮಾತು ಹೇಳುತ್ತವೆ. ಆ ಮಾತಿಗೆ ಒಪ್ಪದ ನಿಜವಾದ ಅನುಭವಕ್ಕೆ ಸಾಕ್ಷಿ ಹೇಳುವ ಅವಕಾಶವೇ ಸಿಗುವುದಿಲ್ಲ.

ಹೊಸತನ ಹೆಚ್ಚು ದಿನ ಉಳಿಯದು ಎಂಬುದು ಜನರಿಗೆ ಒಳಗೊಳಗೇ ತಿಳಿದಿದೆ ಎಂದು ನನಗೆ ಅನ್ನಿಸುತ್ತದೆ. ಶೋರೂಮಿನಲ್ಲಿ ಬಟ್ಟೆ ಸರಿಸಿ, ಕೀಲಿಕೈ ಕೊಟ್ಟು, ಫೋಟೊ ತೆಗೆದು, ಚಕ್ರದಡಿ ನಿಂಬೆಹಣ್ಣು ಹಿಚುಕಿಸಿ ಮನೆಗೆ ತಂದ ಕಾರಿನ ಸೀಟುಗಳ ಮೇಲಿನ ಪ್ಲಾಸ್ಟಿಕ್ ಹೊದಿಕೆ ನಮ್ಮಲ್ಲಿ ತಿಂಗಳುಗಟ್ಟಲೆ ಹಾಗೆಯೇ ಇರುತ್ತದೆ. ಬೇಸಿಗೆಯಲ್ಲಿ ಬೆನ್ನು ಬೆವೆತು ಅಂಟಿಕೊಂಡರೂ ಅದನ್ನು ಕೀಳುವುದಿಲ್ಲ. ಬಾಗಿಲಿನ ಮೇಲೆ ಮೊದಲ ಗೀರು ಬಿದ್ದ ದಿನ ಮನೆಮಂದಿಯೆಲ್ಲ ಸುತ್ತ ನಿಂತು ನೋಡುತ್ತಾರೆ, ನಾಲ್ಕನೆಯ ಗೀರು ಯಾವಾಗ ಬಿತ್ತೆಂದು ಯಾರಿಗೂ ಗೊತ್ತಿರುವುದಿಲ್ಲ. ಆಯುಧಪೂಜೆಯ ದಿನ ತೊಳೆದು, ಅರಿಶಿನ ಕುಂಕುಮವಿಟ್ಟು, ಚೆಂಡುಹೂವಿನ ಹಾರ ಹಾಕಿದಾಗ ಅದೇ ಹಳೆಯ ಕಾರು ಮತ್ತೆ ಚೆಂದ ಕಾಣುವುದುಂಟು. ಗಮನದ ಸಿದ್ಧಾಂತದ ಪ್ರಕಾರ ಇದರಲ್ಲಿ ಆಶ್ಚರ್ಯವಿಲ್ಲ. ವರ್ಷದಲ್ಲಿ ಅದೊಂದು ದಿನ ಕಾರು ನಮ್ಮನ್ನು ಎಲ್ಲಿಗೋ ಒಯ್ಯುವ ಸಾಧನವಾಗಿರದೆ ತಾನೇ ನೋಡುವ ವಸ್ತುವಾಗಿರುತ್ತದೆ.

ಮಿದುಳಿನ ಮಟ್ಟದಲ್ಲಿ ಈ ಕ್ಷೀಣತೆಗೆ ಸಮಾನಾಂತರವಾದ ಒಂದು ಪ್ರಕ್ರಿಯೆಯನ್ನು ನರವಿಜ್ಞಾನಿ ವುಲ್ಫ್ರಾಮ್ ಶುಲ್ಟ್ಸ್ 1990ರ ದಶಕದಲ್ಲಿ ಕೋತಿಗಳ ಮೇಲಿನ ಪ್ರಯೋಗಗಳಲ್ಲಿ ತೋರಿಸಿದರು. ಅನಿರೀಕ್ಷಿತವಾಗಿ ಹಣ್ಣಿನ ರಸ ಸಿಕ್ಕಾಗ ಡೋಪಮೀನ್ ಎಂಬ ರಾಸಾಯನಿಕವನ್ನು ಸ್ರವಿಸುವ ನರಕೋಶಗಳು ಚುರುಕಾಗುತ್ತವೆ. ರಸಕ್ಕೆ ಮುಂಚೆ ಪ್ರತಿ ಸಲ ಒಂದು ದೀಪ ಬೆಳಗುತ್ತದೆ ಎಂಬುದನ್ನು ಕೋತಿ ಕಲಿತ ಮೇಲೆ ಅವು ದೀಪಕ್ಕೆ ಚುರುಕಾಗುತ್ತವೆ, ರಸ ಬಂದಾಗ ಸುಮ್ಮನಿರುತ್ತವೆ. ನಿರೀಕ್ಷಿಸಿದ ರಸ ಬಾರದೆ ಹೋದರೆ ಇದ್ದ ಚಟುವಟಿಕೆಯೂ ಕುಸಿಯುತ್ತದೆ. ಈ ಕೋಶಗಳು ಅಳೆಯುವುದು ಸಿಕ್ಕದ್ದನ್ನಲ್ಲ, ನಿರೀಕ್ಷೆಗೂ ಸಿಕ್ಕದ್ದಕ್ಕೂ ಇರುವ ಅಂತರವನ್ನು. ಕೋತಿಯ ರಸದಿಂದ ಮನುಷ್ಯನ ಕಾರಿಗೆ ಒಂದೇ ಜಿಗಿತದಲ್ಲಿ ಹೋಗುವುದು ಅವಸರವಾದೀತು. ಆದರೂ ಬುಕಿಂಗ್ ಮಾಡಿ ಡೆಲಿವರಿಗೆ ಕಾಯುವ ವಾರಗಳು ಕಾರಿನ ಮಾಲೀಕತ್ವದ ಅತಿ ಉತ್ಸಾಹದ ಕಾಲವಾಗಿರುವುದಕ್ಕೂ, ಎರಡನೆಯ ವರ್ಷದ ಸರ್ವಿಸಿಂಗ್ ಹೊತ್ತಿಗೆ ಅದೇ ಕಾರು ಮಾಮೂಲಿಯಾಗುವುದಕ್ಕೂ ಇದರಲ್ಲಿ ಸುಳಿವು ಇರುವಂತಿದೆ.

ಎಲ್ಲಕ್ಕೂ ನಾವು ಒಂದೇ ಬಗೆಯಲ್ಲಿ ಒಗ್ಗಿಕೊಳ್ಳುವುದಿಲ್ಲ ಎಂಬುದು ಈ ವಿಷಯದ ನಿಜವಾದ ಗಂಟು. ಸ್ಥಿರವಾಗಿರುವ ಸೌಕರ್ಯಕ್ಕೆ ಬೇಗ ಒಗ್ಗುತ್ತೇವೆ. ಪ್ರತಿದಿನವೂ ಬೇರೆ ಬೇರೆ ರೂಪದಲ್ಲಿ ಎದುರಾಗುವ, ನಮ್ಮ ಹಿಡಿತಕ್ಕೆ ಸಿಗದ ಕಿರಿಕಿರಿಗೆ ಒಗ್ಗುವುದು ಬಹಳ ನಿಧಾನ, ಕೆಲವೊಮ್ಮೆ ಒಗ್ಗುವುದೇ ಇಲ್ಲ. ಕಾರಿನ ಮೆತ್ತನೆಯ ಸೀಟು, ಎ.ಸಿ., ದೊಡ್ಡ ಪರದೆ ಮೊದಲನೆಯ ಪಟ್ಟಿಗೆ ಸೇರಿದವು, ಟ್ರಾಫಿಕ್ ಜಾಮ್ ಎರಡನೆಯದಕ್ಕೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಉದ್ಯೋಗಸ್ಥ 909 ಮಹಿಳೆಯರಿಂದ ಹಿಂದಿನ ದಿನದ ಒಂದೊಂದು ಚಟುವಟಿಕೆಯ ಬಗೆಗೂ ಆಗಿನ ಭಾವನೆಗಳನ್ನು ಬರೆಸಿಕೊಂಡು ಕಾನೆಮನ್ ತಂಡ 2004ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕೆಲಸಕ್ಕೆ ಹೋಗಿ ಬರುವ ಪ್ರಯಾಣ ಪಟ್ಟಿಯ ತಳದಲ್ಲಿತ್ತು. ಅಲೋಯಿಸ್ ಸ್ಟುಟ್ಸರ್ ಮತ್ತು ಬ್ರೂನೊ ಫ್ರೈ ಜರ್ಮನಿಯ ಹಲವು ವರ್ಷಗಳ ಮಾಹಿತಿಯಿಂದ 2008ರಲ್ಲಿ ತೋರಿಸಿದಂತೆ, ದೂರದಿಂದ ಓಡಾಡುವವರ ಜೀವನತೃಪ್ತಿ ಕಡಿಮೆ. ಹೆಚ್ಚಿನ ಸಂಬಳವಾಗಲಿ, ದೂರದಲ್ಲಿ ಸಿಗುವ ದೊಡ್ಡ ಮನೆಯಾಗಲಿ ಆ ಕೊರತೆಯನ್ನು ತುಂಬುತ್ತಿರಲಿಲ್ಲ. ನಗರಗಳ ವಾಹನ ದಟ್ಟಣೆಯನ್ನು ಅಳೆಯುವ ಟಾಮ್‌ಟಾಮ್ ಸಂಸ್ಥೆಯ 2022ರ ಲೆಕ್ಕದಂತೆ ಬೆಂಗಳೂರಿನ ನಡುಭಾಗದಲ್ಲಿ 10 ಕಿಲೋಮೀಟರ್ ಸಾಗಲು ಸರಾಸರಿ 29 ನಿಮಿಷ ಬೇಕಾಗಿತ್ತು. ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿ ನಿಂತಾಗ ಹತ್ತು ಲಕ್ಷದ ಕಾರಿಗೂ ಐವತ್ತು ಲಕ್ಷದ ಕಾರಿಗೂ ವೇಗ ಒಂದೇ. ಇಲ್ಲಿನ ಕ್ರೂರ ತಮಾಷೆಯೆಂದರೆ, ಪ್ರತಿಯೊಬ್ಬರೂ ತಮ್ಮ ಸುಖಕ್ಕೆಂದು ಕೊಂಡ ಕಾರು ಉಳಿದವರ ಜಾಮ್‌ನ ಒಂದು ಭಾಗವಾಗಿರುತ್ತದೆ.

ಹೋಲಿಕೆಯ ಸಂಕಟ ಇದಕ್ಕೆ ಹೊರತಾದದ್ದು. ಸ್ವಿಟ್ಸರ್ಲೆಂಡಿನ ಯಾವ ಪಟ್ಟಣದಲ್ಲಿ ಫೆರಾರಿ ಮತ್ತು ಪೋರ್ಷೆ ಕಾರುಗಳ ಪ್ರಮಾಣ ಹೆಚ್ಚೋ ಅಲ್ಲಿನ ಜನರಿಗೆ ತಮ್ಮ ವರಮಾನದ ಬಗ್ಗೆ ತೃಪ್ತಿ ಕಡಿಮೆ ಎಂದು ರೈನರ್ ವಿಂಕೆಲ್ಮನ್ 2012ರಲ್ಲಿ ವರದಿ ಮಾಡಿದರು. ಅದಕ್ಕೂ ಮೊದಲು, 1998ರಲ್ಲಿ, ಹಾರ್ವರ್ಡ್‌ನ ಸಾರ್ವಜನಿಕ ಆರೋಗ್ಯ ಶಾಲೆಯಲ್ಲಿ ಸಾರಾ ಸೊಲ್ನಿಕ್ ಮತ್ತು ಡೇವಿಡ್ ಹೆಮೆನ್‌ವೇ ಜನರ ಮುಂದೆ ಎರಡು ಲೋಕಗಳನ್ನಿಟ್ಟಿದ್ದರು: ಒಂದರಲ್ಲಿ ನಿಮಗೆ ವರ್ಷಕ್ಕೆ 50,000 ಡಾಲರ್, ಉಳಿದವರಿಗೆ 25,000, ಇನ್ನೊಂದರಲ್ಲಿ ನಿಮಗೆ 1,00,000, ಉಳಿದವರಿಗೆ 2,00,000. ಕೊಳ್ಳುವ ಶಕ್ತಿ ಎರಡರಲ್ಲೂ ಅಷ್ಟೇ ಎಂದು ಹೇಳಿದ್ದರೂ ಸುಮಾರು ಅರ್ಧದಷ್ಟು ಜನ ಮೊದಲನೆಯ ಲೋಕವನ್ನೇ ಆರಿಸಿಕೊಂಡರು. ರಜೆಯ ವಾರಗಳ ಬಗ್ಗೆ ಅಂಥದೇ ಪ್ರಶ್ನೆ ಕೇಳಿದಾಗ ಮಾತ್ರ ಹೆಚ್ಚಿನವರು ಪಕ್ಕದವರ ಲೆಕ್ಕ ನೋಡದೆ ತಮಗೆ ಹೆಚ್ಚು ರಜೆ ಸಿಗುವುದನ್ನೇ ಬಯಸಿದರು. ಬಿಡುವಿನ ಸಮಯ ಕಾಂಪೌಂಡಿನ ಆಚೆಯಿಂದ ಕಾಣುವ ಸೊತ್ತಲ್ಲ.

ನಮ್ಮ ದೇಶದಲ್ಲಿ ಇದಕ್ಕೆ ನ್ಯಾನೊ ಕಾರಿಗಿಂತ ಒಳ್ಳೆಯ ಉದಾಹರಣೆ ನನಗೆ ಹೊಳೆಯುತ್ತಿಲ್ಲ. ಮಳೆಯಲ್ಲಿ ಇಡೀ ಸಂಸಾರ ಒಂದೇ ಸ್ಕೂಟರಿನ ಮೇಲೆ ಹೋಗುವುದನ್ನು ಕಂಡು ರತನ್ ಟಾಟಾ ಅವರಿಗೆ ಹೊಳೆದ ಆ ಕಾರು 2008ರಲ್ಲಿ ದೆಹಲಿಯ ಪ್ರದರ್ಶನದಲ್ಲಿ ಒಂದು ಲಕ್ಷ ರೂಪಾಯಿಯ ಕಾರಾಗಿ ಲೋಕಕ್ಕೆ ಪರಿಚಯವಾಯಿತು. ಸೌಕರ್ಯದ ದೃಷ್ಟಿಯಿಂದ ನೋಡಿದರೆ, ಮಗುವನ್ನು ಪೆಟ್ರೋಲ್ ಟ್ಯಾಂಕಿನ ಮೇಲೆ ಕೂರಿಸಿಕೊಂಡು ಹೋಗುವವರಿಗೆ ಅದು ದೊಡ್ಡ ಬಡ್ತಿ. ತಯಾರಿಕೆಯನ್ನು ಬಂಗಾಳದ ಸಿಂಗೂರಿನಿಂದ ಗುಜರಾತಿಗೆ ಎತ್ತಿಕೊಂಡು ಹೋಗಬೇಕಾಗಿ ಬಂದದ್ದು, ಕೆಲವು ಕಾರುಗಳಿಗೆ ಬೆಂಕಿ ಹತ್ತಿದ ಸುದ್ದಿ, ಇವೂ ಮಾರಾಟಕ್ಕೆ ಪೆಟ್ಟು ಕೊಟ್ಟವು. ಆದರೆ ಅತಿ ಅಗ್ಗದ ಕಾರು ಎಂಬ ಹಣೆಪಟ್ಟಿಯೇ ಅದಕ್ಕೆ ಮುಳುವಾಯಿತೆಂದು ರತನ್ ಟಾಟಾ ಅವರೇ ಮುಂದೆ ಒಪ್ಪಿಕೊಂಡರು. ಮಳೆಯಿಂದ ಮರೆ ಬೇಕಾಗಿದ್ದವರಿಗೂ ಅಗ್ಗದ ಕಾರಿನವರು ಎನಿಸಿಕೊಳ್ಳುವುದು ಬೇಡವಾಗಿತ್ತು. 2018ರ ಹೊತ್ತಿಗೆ ಅದರ ತಯಾರಿಕೆ ಬಹುತೇಕ ನಿಂತಿತು.

ಇಷ್ಟು ಹೇಳಿದ ಮೇಲೆ, ವಸ್ತುಗಳಿಂದ ಸುಖವೇ ಇಲ್ಲ ಎಂಬ ತೀರ್ಮಾನಕ್ಕೆ ಧಾವಿಸುವುದನ್ನು ನಾನು ಒಪ್ಪುವುದಿಲ್ಲ. ಈ ವಾದಕ್ಕೆ ಪದೇ ಪದೇ ಆಧಾರವಾಗಿ ಬರುವುದು ಫಿಲಿಪ್ ಬ್ರಿಕ್‌ಮನ್ ಮತ್ತು ಸಂಗಡಿಗರ 1978ರ ಅಧ್ಯಯನ. ಇಲಿನಾಯ್ ರಾಜ್ಯದ ಲಾಟರಿ ಗೆದ್ದವರಿಗೂ ಅಪಘಾತದಲ್ಲಿ ಅಂಗಸ್ವಾಧೀನ ಕಳೆದುಕೊಂಡವರಿಗೂ ಸಂತೋಷ ಒಂದೇ ಆಗಿತ್ತೆಂದು ಅದನ್ನು ಉಲ್ಲೇಖಿಸಲಾಗುತ್ತದೆ. ಮೂಲ ಪ್ರಬಂಧದಲ್ಲಿ ಹಾಗಿಲ್ಲ. ಐದರ ಮಾಪಕದಲ್ಲಿ ಗೆದ್ದವರ ಸರಾಸರಿ 4.00, ಸಾಮಾನ್ಯ ಜನರದು 3.82, ಅಪಘಾತಕ್ಕೊಳಗಾದವರದು 2.96, ಕೊನೆಯ ಗುಂಪಿನ ಇಳಿಕೆ ಸ್ಪಷ್ಟವಾಗಿದೆ. ಗೆದ್ದವರು 22 ಮಂದಿ, ಅಪಘಾತದವರು 29 ಮಂದಿ ಮಾತ್ರ ಇದ್ದ ಆ ಅಧ್ಯಯನದಲ್ಲಿ ನಿಜಕ್ಕೂ ಮನಸೆಳೆಯುವ ಅಂಶ ಬೇರೆಯದು: ಗೆಳೆಯರೊಡನೆ ಮಾತು, ಬೆಳಗಿನ ತಿಂಡಿ, ಕೇಳಿದ ಒಂದು ನಗೆಹನಿ, ಇಂಥ ದಿನನಿತ್ಯದ ಸಂಗತಿಗಳು ಗೆದ್ದವರಿಗೆ ಉಳಿದವರಿಗಿಂತ ಸಪ್ಪೆಯಾಗಿದ್ದವು.

ವಸ್ತುವಿಗಿಂತ ಅನುಭವಕ್ಕೆ ಹಣ ಹಾಕುವುದು ಮೇಲು ಎಂಬ, 2003ರಲ್ಲಿ ಲೀಫ್ ವಾನ್ ಬೋವೆನ್ ಮತ್ತು ಥಾಮಸ್ ಗಿಲೊವಿಚ್ ಮಂಡಿಸಿದ ಪ್ರಸಿದ್ಧ ವಿಚಾರವನ್ನೂ ಇಷ್ಟೇ ಎಚ್ಚರದಿಂದ ಓದಬೇಕು. ಕಡಿಮೆ ವರಮಾನದವರಲ್ಲಿ ಈ ವ್ಯತ್ಯಾಸ ಗಟ್ಟಿಯಾಗಿ ನಿಲ್ಲುವುದಿಲ್ಲವೆಂದು 2018ರ ಅಧ್ಯಯನವೊಂದು ತೋರಿಸಿದೆ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ 2019–21ರ ಸುತ್ತಿನ ಪ್ರಕಾರ ನೂರು ಭಾರತೀಯ ಕುಟುಂಬಗಳಲ್ಲಿ ಏಳೆಂಟಕ್ಕೆ ಮಾತ್ರ ಕಾರಿದೆ. ಬಸ್ಸಿಲ್ಲದ ಊರಿನಿಂದ ವಾರಕ್ಕೆ ಎರಡು ಸಲ ಡಯಾಲಿಸಿಸ್‌ಗೆಂದು ಅಮ್ಮನನ್ನು ಜಿಲ್ಲಾಸ್ಪತ್ರೆಗೆ ಕರೆದೊಯ್ಯಬೇಕಾದ ಮನೆಗೆ ಬರುವ ಸೆಕೆಂಡ್ ಹ್ಯಾಂಡ್ ಕಾರನ್ನೂ, ನಗರದ ಅಪಾರ್ಟ್‌ಮೆಂಟಿನಲ್ಲಿ ಸೆಡಾನ್ ಮಾರಿ ಎಸ್‌ಯುವಿ ತರುವುದನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಮೊದಲನೆಯದು ಮರಳಿ ಮರಳಿ ಬರುವ ಒಂದು ಕಷ್ಟವನ್ನು ಅಷ್ಟಷ್ಟು ಸಲವೂ ತೆಗೆದುಹಾಕುತ್ತದೆ. ಎರಡನೆಯದು ಆಗಲೇ ಒಗ್ಗಿಹೋಗಿದ್ದ ಒಂದು ಸೌಕರ್ಯದ ಜಾಗದಲ್ಲಿ, ಇನ್ನು ಕೆಲವೇ ತಿಂಗಳಲ್ಲಿ ಒಗ್ಗಿಹೋಗುವ ಮತ್ತೊಂದನ್ನು ತಂದಿಡುತ್ತದೆ.

ಹಣದ ಪರವಾಗಿ ಸಿಕ್ಕಿರುವ ಬಲವಾದ ಸಾಕ್ಷ್ಯವೂ ಲಾಟರಿಯಿಂದಲೇ ಬಂದಿದೆ. ಸ್ವೀಡನ್ನಿನಲ್ಲಿ ಎರಿಕ್ ಲಿಂಡ್‌ಕ್ವಿಸ್ಟ್, ರಾಬರ್ಟ್ ಓಸ್ಟ್ಲಿಂಗ್ ಮತ್ತು ಡೇವಿಡ್ ಸೆಸರಿನಿ ಮೂರು ಸಾವಿರಕ್ಕೂ ಹೆಚ್ಚು ಲಾಟರಿ ಆಟಗಾರರನ್ನು ಅವರ ಡ್ರಾ ನಡೆದು 5ರಿಂದ 22 ವರ್ಷಗಳಾದ ಮೇಲೆ ವಿಚಾರಿಸಿ 2020ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ದೊಡ್ಡ ಮೊತ್ತ ಗೆದ್ದವರ ಜೀವನತೃಪ್ತಿ ಹತ್ತು ವರ್ಷಗಳು ಕಳೆದರೂ ಇಳಿಯದೆ ಮೇಲೆಯೇ ಉಳಿದಿತ್ತು. ಸದ್ಯದ ದಿನಗಳಲ್ಲಿ ಎಷ್ಟು ಸಂತೋಷವಾಗಿದ್ದೀರಿ ಎಂಬ ಪ್ರಶ್ನೆಯಲ್ಲಿ ಪರಿಣಾಮ ಅಷ್ಟು ಕಾಣಲಿಲ್ಲ. ಏರಿಕೆಗೆ ಮುಖ್ಯ ಕಾರಣ ತಮ್ಮ ಹಣಕಾಸಿನ ಸ್ಥಿತಿಯ ಬಗೆಗಿನ ನೆಮ್ಮದಿಯೇ ಆಗಿತ್ತು. ಈ ವಿಜೇತರು ಗೆದ್ದ ವಾರವೇ ಶೋರೂಮಿಗೆ ಓಡಿದವರಲ್ಲ. ಹಣವನ್ನು ಉಳಿಸಿಟ್ಟು ವರ್ಷಗಳ ಉದ್ದಕ್ಕೂ ಸ್ವಲ್ಪ ಸ್ವಲ್ಪವಾಗಿ ಖರ್ಚು ಮಾಡಿದರು, ಕೆಲಸವನ್ನು ಬಿಡದೆ ಅದರ ಹೊತ್ತನ್ನು ಒಂದಿಷ್ಟು ಕಡಿಮೆ ಮಾಡಿಕೊಂಡರು.