ಶುಗರ್ ಹತೋಟಿಯಲ್ಲಿದೆ, ಬಾಯಾರಿಕೆ ಮಾತ್ರ ನಿಂತಿಲ್ಲ

ಆರು ವರ್ಷದಿಂದ ಶುಗರ್ ಇರುವ ಒಬ್ಬ ಅಮ್ಮ ಮಗಳ ಜೊತೆ ಬಂದಿದ್ದರು. ರಾತ್ರಿ ನಾಲ್ಕು ಸಲ ಮೂತ್ರಕ್ಕೆ ಏಳಬೇಕು, ಪಕ್ಕದಲ್ಲಿ ನೀರಿನ ಚೊಂಬು ಇಲ್ಲದೆ ಮಲಗುವ ಹಾಗಿಲ್ಲ. "ಶುಗರ್ ಜಾಸ್ತಿ ಆಗಿರಬೇಕು ಡಾಕ್ಟ್ರೇ, ಮಾತ್ರೆ ಏರಿಸಿಬಿಡಿ" ಅಂದರು. ರಿಪೋರ್ಟ್ ನೋಡಿದರೆ ಮೂರು ತಿಂಗಳ ಸರಾಸರಿ 7.1. ಅಷ್ಟಕ್ಕೆ ಇಷ್ಟೊಂದು ಮೂತ್ರ ಹೋಗುವುದಿಲ್ಲ. ಹಿಂದೆ ಕಿಡ್ನಿ ಕಲ್ಲು ಆಗಿತ್ತು ಅಂತ ಮಗಳು ನೆನಪು ಮಾಡಿಕೊಂಡು ಹೇಳಿದ ಮೇಲೆ ರಕ್ತದ ಕ್ಯಾಲ್ಸಿಯಂ ನೋಡಿಸಿದೆ. 11.8 ಬಂತು. ಸಾಮಾನ್ಯವಾಗಿ 8.5ರಿಂದ 10.5ರ ಒಳಗೆ ಇರಬೇಕಾದದ್ದು.

ಥೈರಾಯ್ಡ್ ಹಿಂದೆ ಪ್ಯಾರಾಥೈರಾಯ್ಡ್ ಅಂತ ನಾಲ್ಕು ಪುಟ್ಟ ಗ್ರಂಥಿಗಳಿವೆ. ಅದರಲ್ಲಿ ಒಂದು ಊದಿಕೊಂಡು ಹಾರ್ಮೋನ್ ಜಾಸ್ತಿ ಸುರಿಸುತ್ತಿತ್ತು, ಮೂಳೆಯ ಕ್ಯಾಲ್ಸಿಯಂ ರಕ್ತಕ್ಕೆ ಬರುತ್ತಿತ್ತು. ಕ್ಯಾಲ್ಸಿಯಂ ಏರಿದರೆ ಕಿಡ್ನಿಗೆ ನೀರು ಹಿಡಿದಿಡಲು ಆಗುವುದಿಲ್ಲ. ಪದೇ ಪದೇ ಮೂತ್ರ, ಬಾಯಾರಿಕೆ, ಸುಸ್ತು: ಎಲ್ಲ ಶುಗರ್ ಥರಾನೇ!

"ಹಾಗಾದರೆ ಕ್ಯಾಲ್ಸಿಯಂಗೂ ಶುಗರ್‌ಗೂ ಸಂಬಂಧ ಇದೆಯಾ?" ಅಂತ ಮಗಳು ಕೇಳಿದರು. ಇದೆ, ಆದರೆ ಕ್ಯಾಲ್ಸಿಯಂ ಮಾತ್ರೆ ನುಂಗಿದರೆ, ರಾಗಿ ತಿಂದರೆ ಶುಗರ್ ಇಳಿಯುತ್ತದೆ ಅಂತ ಜನ ಅಂದುಕೊಂಡ ರೀತಿಯಲ್ಲಿ ಅಲ್ಲ.

ಮೇದೋಜೀರಕ ಗ್ರಂಥಿಯಲ್ಲಿ ಬೀಟಾ ಕೋಶಗಳಿವೆ, ಇನ್ಸುಲಿನ್ ಅಲ್ಲೇ ತಯಾರಾಗಿ ಸಣ್ಣ ಸಣ್ಣ ಚೀಲಗಳಲ್ಲಿ ಕೂತಿರುತ್ತದೆ. ಊಟ ಆದ ಮೇಲೆ ಗ್ಲೂಕೋಸ್ ಕೋಶದ ಒಳಗೆ ಹೋಗಿ ಉರಿದು ಶಕ್ತಿ ಆಗುತ್ತದೆ, ಆ ಶಕ್ತಿ ಹೆಚ್ಚಾದಾಗ ಪೊಟ್ಯಾಸಿಯಂ ಹೊರಗೆ ಹೋಗುವ ಬಾಗಿಲು ಮುಚ್ಚಿಕೊಳ್ಳುತ್ತದೆ, ಅದರಿಂದ ಕೋಶದ ಗೋಡೆಯ ವಿದ್ಯುತ್ ಬದಲಾಗಿ ಕ್ಯಾಲ್ಸಿಯಂ ಬಾಗಿಲು ತೆರೆಯುತ್ತದೆ. ಕ್ಯಾಲ್ಸಿಯಂ ಒಳಗೆ ನುಗ್ಗಿದ ಕೂಡಲೇ ಚೀಲಗಳು ಗೋಡೆಗೆ ಬಂದು ಸೇರಿ ಇನ್ಸುಲಿನ್ ರಕ್ತಕ್ಕೆ ಬಿಡುತ್ತವೆ. ಗ್ಲಿಮೆಪಿರೈಡ್ ಮಾತ್ರೆ ತಗೊಳ್ಳುತ್ತೀರಾ? ಅದು ಆ ಪೊಟ್ಯಾಸಿಯಂ ಬಾಗಿಲನ್ನೇ ಮುಚ್ಚುವುದು. ವೆರಪಮಿಲ್ ಅನ್ನುವ ಬಿಪಿ ಮಾತ್ರೆಯನ್ನು ಯಾರಾದರೂ ವಿಪರೀತ ನುಂಗಿಬಿಟ್ಟರೆ ಕ್ಯಾಲ್ಸಿಯಂ ಬಾಗಿಲು ಬಂದ್ ಆಗಿ ಇನ್ಸುಲಿನ್ ಬಾರದೆ ಶುಗರ್ ಏರುತ್ತದೆ. ಡಾಕ್ಟರ್ ಬರೆದುಕೊಟ್ಟ ಡೋಸಿಗೆ ಹೀಗಾಗುವುದಿಲ್ಲ, ಹೆದರಿ ಬಿಪಿ ಮಾತ್ರೆ ನಿಲ್ಲಿಸಬೇಡಿ.

ಈಗ ಮುಖ್ಯ ವಿಷಯ. ಕೋಶದ ಒಳಗಿರುವುದಕ್ಕಿಂತ ಹೊರಗೆ ಸುಮಾರು 10,000 ಪಟ್ಟು ಹೆಚ್ಚು ಕ್ಯಾಲ್ಸಿಯಂ ಇದೆ. ಅಂದರೆ ಹೊರಗೆ ಸರಕಿಗೆ ಬರ ಇಲ್ಲ, ಬಾಗಿಲು ಯಾವಾಗ ತೆರೆಯುತ್ತದೆ ಅನ್ನುವುದೇ ಲೆಕ್ಕ. ಆದ್ದರಿಂದ ರಕ್ತದ ಕ್ಯಾಲ್ಸಿಯಂ ಸರಿಯಾಗಿರುವವರು ಕ್ಯಾಲ್ಸಿಯಂ ಮಾತ್ರೆ ನುಂಗಿದರೆ ಇನ್ಸುಲಿನ್ ಜಾಸ್ತಿ ಬರುವುದಿಲ್ಲ. ರಾಗಿ ವಿಷಯವೂ ಅಷ್ಟೇ. 100 ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಮೂಳೆಗೆ ಒಳ್ಳೆಯದು, ನಾನೂ ತಿನ್ನಿ ಅಂತಲೇ ಹೇಳುತ್ತೇನೆ. ಆದರೆ ಕ್ಯಾಲ್ಸಿಯಂ ಇದೆಯಲ್ಲ ಅಂತ ಎರಡು ದೊಡ್ಡ ಮುದ್ದೆ ಉಂಡರೆ ಅದರ ಪಿಷ್ಟ ಶುಗರ್ ಏರಿಸಿಯೇ ಏರಿಸುತ್ತದೆ. ಕ್ಯಾಲ್ಸಿಯಂ ಹೀರಿಕೊಳ್ಳಲು ನೆರವಾಗುವ ವಿಟಮಿನ್ ಡಿ ಕೊಟ್ಟರೆ ಡಯಾಬಿಟಿಸ್ ತಡೆಯಬಹುದಾ ಅಂತ ಅಮೆರಿಕದಲ್ಲಿ 2,423 ಜನರ ಮೇಲೆ ದಿನಕ್ಕೆ 4,000 ಯೂನಿಟ್ ಕೊಟ್ಟು ನೋಡಿದರು. 2019ರಲ್ಲಿ ಫಲಿತಾಂಶ ಬಂದಾಗ ಹೇಳಿಕೊಳ್ಳುವಂಥ ವ್ಯತ್ಯಾಸ ಕಾಣಲಿಲ್ಲ.

ರಕ್ತದ ಕ್ಯಾಲ್ಸಿಯಂ ತೀರಾ ಕೆಳಗಿಳಿದರೆ ಇನ್ಸುಲಿನ್ ಬಿಡುಗಡೆ ಮಂಕಾಗಬಹುದು. ಪ್ಯಾರಾಥೈರಾಯ್ಡ್ ಕಾಯಿಲೆಯಿಂದ ತುಂಬಾ ದಿನ ಏರಿಯೇ ಇದ್ದರೆ ಬೇರೆ ತೊಂದರೆ. ಇನ್ಸುಲಿನ್ ಇದ್ದರೂ ದೇಹ ಅದಕ್ಕೆ ಸರಿಯಾಗಿ ಸ್ಪಂದಿಸುವುದಿಲ್ಲ. ಈ ಕಾಯಿಲೆ ಇರುವವರಲ್ಲಿ ಶುಗರ್ ಹೆಚ್ಚಾಗಿ ಕಾಣುವುದು ಇದೇ ಕಾರಣಕ್ಕೆ.

ಶುಗರ್ ಹತೋಟಿಯಲ್ಲಿದ್ದೂ ಬಾಯಾರಿಕೆ, ಮಲಬದ್ಧತೆ, ಮೂಳೆ ನೋವು, ಕಿಡ್ನಿ ಕಲ್ಲು ಇದ್ದರೆ ಡಾಕ್ಟರ್ ಹತ್ತಿರ ಕ್ಯಾಲ್ಸಿಯಂ ಬಗ್ಗೆ ಕೇಳಿ. ಜೊತೆಗೆ ಅಲ್ಬುಮಿನ್ ಅನ್ನುವ ರಕ್ತದ ಪ್ರೋಟೀನ್ ನೋಡಿಸಿ, ಏಕೆಂದರೆ ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು 40 ಪರ್ಸೆಂಟ್ ಅದಕ್ಕೇ ಅಂಟಿಕೊಂಡಿರುತ್ತದೆ, ಅಲ್ಬುಮಿನ್ ಕಡಿಮೆ ಇದ್ದರೆ ನಿಜವಾದ ಏರಿಕೆ ರಿಪೋರ್ಟಿನಲ್ಲಿ ಕಾಣದೇ ಹೋಗಬಹುದು. ಬಿಪಿಗೆ ಹೈಡ್ರೋಕ್ಲೋರೋಥಯಜೈಡ್ ಅಥವಾ ಕ್ಲೋರ್ತಾಲಿಡೋನ್ ತಗೊಳ್ಳುತ್ತಿದ್ದರೆ ಅದನ್ನೂ ಹೇಳಿ, ಅವು ಕ್ಯಾಲ್ಸಿಯಂ, ಶುಗರ್ ಎರಡನ್ನೂ ಸ್ವಲ್ಪ ಏರಿಸಬಲ್ಲವು.

ಆ ಅಮ್ಮನಿಗೆ ಆಪರೇಷನ್ ಆಯಿತು. ಶುಗರ್ ಹೋಗಿಬಿಡುತ್ತದೆ ಅಂತ ನಾನು ಆಸೆ ಹುಟ್ಟಿಸಿರಲಿಲ್ಲ, ಹೋಗಲೂ ಇಲ್ಲ, ಮಾತ್ರೆ ಹಾಗೇ ಮುಂದುವರಿದಿದೆ. ಕ್ಯಾಲ್ಸಿಯಂ 9.4ಕ್ಕೆ ಬಂದು ನಿಂತಿದೆ. ಚೊಂಬು ಈಗ ಅಡುಗೆಮನೆಯಲ್ಲೇ ಇರುತ್ತದಂತೆ.