ಅಮ್ಮನ ಡಬ್ಬಿಯ ಟ್ರಮಡಾಲ್

ಮೂಡಿಗೆರೆ ಕಡೆಯ ತೋಟದ ಲೆಕ್ಕ ನೋಡುವ ರೈಟರ್ ಒಬ್ಬರು ಕಣ್ಣು ತೋರಿಸಲು ಬಂದಿದ್ದರು. "ಡಾಕ್ಟ್ರೇ, ರಾತ್ರಿ ಕೊಟ್ಟಿಗೆಹಾರದಿಂದ ಜೀಪ್ ತರ್ತಿದ್ದೆ, ರೋಡಿನ ಅಂಚೇ ಕಾಣ್ಲಿಲ್ಲ. ಬಲ್ಬ್ ಹೊಸದು." ಮಂಜಿತ್ತಾ ಅಂದೆ. ಇರಲಿಲ್ಲವಂತೆ.

ರೂಮಿನ ಲೈಟ್ ಆರಿಸಿದೆ. ಪಾಪೆ ಅರಳಬೇಕಾದಷ್ಟು ಅರಳಲಿಲ್ಲ. ಏನಾದ್ರೂ ಮಾತ್ರೆ ತಗೊಳ್ತಿದ್ದೀರಾ ಅಂತ ಕೇಳಿದರೆ, ಸೊಂಟ ಹಿಡಿದಿದೆ ಅಂತ ಅಮ್ಮನ ಮಂಡಿ ಆಪರೇಷನ್ನಿಗೆ ಕೊಟ್ಟು ಉಳಿದಿದ್ದ ಟ್ರಮಡಾಲ್ ಅನ್ನೋ ನೋವಿನ ಮಾತ್ರೆಯನ್ನು ನಾಲ್ಕು ದಿನದಿಂದ ನುಂಗುತ್ತಿದ್ದಾರೆ, ಅವತ್ತು ಬೆಳಿಗ್ಗೆಯೂ ಒಂದು! 2018ರಿಂದ ಈ ಮಾತ್ರೆ ಮಾದಕವಸ್ತುಗಳ ಎನ್‌ಡಿಪಿಎಸ್ ಕಾಯ್ದೆಯಡಿ ಇದೆ. ಆದರೆ ಮನೆ ಡಬ್ಬಿ ಡಾಕ್ಟರ ಚೀಟಿ ಕೇಳುತ್ತದಾ?

ಮಾರ್ಫಿನ್, ಕೊಡೀನ್, ಟ್ರಮಡಾಲ್ ಎಲ್ಲ ಒಂದೇ ಜಾತಿ, ಓಪಿಯಾಯ್ಡ್, ಅಂದರೆ ಅಫೀಮಿನ ಥರ ಕೆಲಸ ಮಾಡುವ ಮದ್ದು. ಪಾಪೆಯನ್ನು ಕಿರಿದು ಮಾಡುವ ನರಕ್ಕೆ ಮೆದುಳಿನಲ್ಲಿ ಒಂದು ಲಗಾಮು ಇರುತ್ತದೆ, ಇವು ಅದನ್ನು ಸಡಿಲ ಬಿಡುತ್ತವೆ. ಹಗಲಲ್ಲಿ ಇದು ಗೊತ್ತೇ ಆಗುವುದಿಲ್ಲ. ಕತ್ತಲಲ್ಲಿ 6 ಮಿಲಿಮೀಟರ್ ಅರಳಬೇಕಾದ ಪಾಪೆ 3ಕ್ಕೇ ನಿಂತರೆ ಒಳಗೆ ಹೋಗುವ ಬೆಳಕು ಅರ್ಧ ಅಲ್ಲ, ಕಾಲು ಭಾಗ. ತಿಂಗಳುಗಟ್ಟಲೆ ನುಂಗುವವರಿಗೆ ಮಂಪರು ಎಷ್ಟೋ ಒಗ್ಗುತ್ತದೆ, ಪಾಪೆ ಮಾತ್ರ ಚಿಕ್ಕದಾಗಿಯೇ ಉಳಿಯುತ್ತದೆ. ಕೆಲವರಿಗೆ ಎರಡು ಕಣ್ಣಿನ ಹೊಂದಾಣಿಕೆಯೂ ತಪ್ಪಿ ದೂರದ್ದು ಎರಡೆರಡಾಗಿ ಕಾಣುತ್ತದೆ.

ಕೈಕಾಲಿನದು ಬೇರೆ ಕಥೆ. ಬ್ರೇಕ್ ಒತ್ತಬೇಕು ಅನ್ನಿಸುವುದಕ್ಕೂ ಕಾಲು ಒತ್ತುವುದಕ್ಕೂ ನಡುವೆ ಗ್ಯಾಪ್ ಜಾಸ್ತಿಯಾಗುತ್ತದೆ. ಗಂಟೆಗೆ 40 ಕಿಲೋಮೀಟರ್ ವೇಗದ ಜೀಪ್ ಒಂದು ಸೆಕೆಂಡಿಗೆ 11 ಮೀಟರ್ ಹೋಗಿರುತ್ತದೆ. ಅರ್ಧ ಸೆಕೆಂಡ್ ತಡವಾದರೂ ಚಾರ್ಮಾಡಿ ಘಾಟಿಯ ತಿರುವಿನಲ್ಲಿ ಏನಾಗುತ್ತದೆ ಅಂತ ಅಲ್ಲಿ ಗಾಡಿ ಓಡಿಸಿದವರಿಗೆ ಹೇಳಬೇಕಾಗಿಲ್ಲ. ಮೊದಲ ಸಲ ತೆಗೆದುಕೊಳ್ಳುವ ಆರೋಗ್ಯವಂತರಿಗೇ ಪೆಟ್ಟು ಜಾಸ್ತಿ, ಅವರಿಗೆ ಅಭ್ಯಾಸವೇ ಇರುವುದಿಲ್ಲ ಅಲ್ವಾ. ತಾನು ಸರಿಯಾಗೇ ಇದ್ದೇನೆ ಅಂತ ಬೇರೆ ಅನ್ನಿಸುತ್ತಿರುತ್ತದೆ. ಮೇಲೆ ಒಂದು ಕ್ವಾರ್ಟರ್ ಬಿದ್ದರಂತೂ ಉಸಿರೇ ನಿಧಾನವಾಗಬಹುದು.

ಮಧ್ಯಾಹ್ನ ನುಂಗಿದ್ದು ಸಂಜೆಗೆ ಇಳಿದಿರುತ್ತೆ ಅಂತ ರೈಟರ್ ವಾದ ಮಾಡಿದರು. ಸುಮಾರು ಆರು ಗಂಟೆ ಆದ ಮೇಲೂ ಅರ್ಧ ಮೈಯಲ್ಲೇ ಇರುತ್ತದೆ, ನಿಧಾನವಾಗಿ ಕರಗುವ ಎಸ್‌ಆರ್ ಮಾತ್ರೆಯಾದರೆ ಇನ್ನೂ ಹೊತ್ತು ಅಂದೆ.

"ಹಾಗಾದ್ರೆ ಕನ್ನಡಕ ಬೇಡ್ವಾ?"

ನಂಬರ್ ಬರೆಯಲಿಲ್ಲ. ಮಾತ್ರೆ ಬಿಟ್ಟು ಒಂದು ವಾರ ಆದ ಮೇಲೆ ಬನ್ನಿ, ಸೊಂಟ ಮೂಳೆ ಡಾಕ್ಟರಿಗೆ ತೋರಿಸಿ ಅಂತ ಹೇಳಿ, ಜೊತೆಗೆ ಬಂದಿದ್ದ ಭಾವಮೈದನ ಕೈಗೆ ಜೀಪಿನ ಕೀ ಕೊಡಿಸಿದೆ.